ಮೊಟ್ಟೆ ಕಾರು, ಪ್ಲಸ್ ಕಾರು

ಬೇರೆಯವರು ಕಾರು ನೋಡಲು ಹೋದರೆ ಬಾನೆಟ್ ಎತ್ತಿಸುತ್ತಾರೆ, ಟೈರಿಗೆ ಕಾಲಲ್ಲಿ ಒದ್ದು ನೋಡುತ್ತಾರೆ. ನಾನು ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಮುಷ್ಟಿ ಊರುತ್ತೇನೆ. ಅದು ನನ್ನ ಕಸುಬಿನ ಚಾಳಿ. ಊರಿಗಾಂನಲ್ಲಿ ಚಿನ್ನದ ಗಣಿ ಕಂಪನಿ ಕಾಲದ ಹಳೇ ಕಟ್ಟಡವೊಂದರ ಪಕ್ಕದ ಕೋಣೆಯಲ್ಲಿ ನಾನೂ ನನ್ನ ಹೆಂಡತಿಯೂ ಇಪ್ಪತ್ತು ವರ್ಷಕ್ಕೂ ಮೇಲೆ ಕಾರಿನ ಸೀಟುಗಳಿಗೆ ಕವರು ಹೊಲಿದೆವು. ರೆಕ್ಸಿನ್ ಕತ್ತರಿಸುವುದು ಅವಳ ಪಾಲು, ಹೊಲಿಗೆ ನನ್ನದು. ಈಗ ರೆಡಿಮೇಡ್ ಕವರು ಬರುತ್ತವೆ, ಜನ ಎತ್ತರದ ಗಾಡಿಗಳನ್ನೇ ಕೊಳ್ಳುತ್ತಾರೆ. ಹಳೇ ಕಾರುಗಳ ಅಳತೆ ಕಾಗದಗಳು ಮಾತ್ರ ಇನ್ನೂ ಗೋಡೆಯ ಮೊಳೆಗೆ ನೇತಾಡುತ್ತಿವೆ. ಒಲೆಗೆ ಹಾಕಲು ನನಗೆ ಮನಸ್ಸಾಗುವುದಿಲ್ಲ.

ಅವುಗಳಲ್ಲಿ ಹೆಚ್ಚಿನವು ಎರಡು ಅಮೆರಿಕನ್ ಕಂಪನಿಗಳು ಮಾಡಿದ, ಹಿಂದೆ ಡಿಕ್ಕಿ ಚಾಚಿಕೊಂಡ ಕಾರುಗಳವು. ಒಂದರ ಮೂತಿಯ ಮೇಲೆ ನೀಲಿ ಮೊಟ್ಟೆಯಂಥ ಬಿಲ್ಲೆ, ಇನ್ನೊಂದರ ಮೇಲೆ ಅಡ್ಡಕ್ಕೆ ಎಳೆದ ಹಳದಿ ಪ್ಲಸ್ಸು. ನಮ್ಮ ಬಾಯಲ್ಲಿ ಅವು ಮೊಟ್ಟೆ ಕಾರು, ಪ್ಲಸ್ ಕಾರು. ಅವರ ದೇಶದಲ್ಲಿ ಎರಡಕ್ಕೂ ಹಾವು ಮುಂಗುಸಿ ಸಂಬಂಧವಂತೆ. ಇಲ್ಲಿಗೆ ಬಂದ ಮೇಲೂ ಸಣ್ಣದಕ್ಕೆ ಸಣ್ಣದು, ನಡುವಿನದಕ್ಕೆ ನಡುವಿನದು, ದೊಡ್ಡದಕ್ಕೆ ದೊಡ್ಡದು ಎಂದು ಎದುರುಬದುರು ನಿಲ್ಲಿಸಿ ಮಾರಿದವು. ಕೊನೆಗೆ ಒಂದರ ಹಿಂದೆ ಒಂದು ಇಲ್ಲಿ ಮಾರುವುದನ್ನೇ ನಿಲ್ಲಿಸಿದವು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮ ಅಂಗಡಿಯೂ ಹಾಗೇ ನಡೆಯಿತು. ನಾನು ಪ್ಲಸ್ ಕಡೆ, ಅವಳು ಮೊಟ್ಟೆ ಕಡೆ. ಮೊಟ್ಟೆಯ ಸಣ್ಣ ಕಾರಿನ ಹಿಂದಿನ ಸೀಟು ಸ್ಕೂಲಿನ ಬೆಂಚಿನ ಹಾಗೆ ನೆಟ್ಟಗೆ, ಗಟ್ಟಿಯಾಗಿತ್ತು. ಪ್ಲಸ್ಸಿನ ಸಣ್ಣದು ಅದಕ್ಕಿಂತ ಮೆತ್ತಗೆ. ನಡುವಿನ ಅಳತೆಯಲ್ಲಂತೂ ಪ್ಲಸ್ಸಿನದು ಸೋಫಾವೇ. ಮೊಟ್ಟೆಯದು ಸೊಂಟದ ಎರಡೂ ಕಡೆ ಹಿಡಿದು ಕೂರಿಸುತ್ತಿತ್ತು. ದೊಡ್ಡವು ಎರಡೂ ತಗ್ಗು. ಅವುಗಳೊಳಗೆ ಕೂರುವುದೆಂದರೆ ಪಂಕ್ತಿ ಊಟಕ್ಕೆ ನೆಲದ ಮೇಲೆ ಕೂತ ಹಾಗೆ, ಏಳುವಾಗ ಯಾರಾದರೂ ಕೈ ಕೊಡಬೇಕು.

ಕವರು ಹಾಕುವಾಗ ಸೀಟು ಬಿಚ್ಚುತ್ತೇವಲ್ಲ, ಆಗ ಕಾರಿನ ಸಂಸಾರವೆಲ್ಲ ಗೊತ್ತಾಗುತ್ತದೆ. ಸಣ್ಣ ಕಾರಿನ ಸೀಟಿನಡಿ ಕಡಲೆಪುರಿ, ಬಳೆಚೂರು, ಮಾರಿಕುಪ್ಪಂ ರೈಲಿನ ಟಿಕೆಟ್, ಮಗುವಿನ ಒಂದು ಕಾಲುಚೀಲ. ನಡುವಿನದರಲ್ಲಿ ಹೇರ್‌ಪಿನ್ನು, ಆಸ್ಪತ್ರೆ ಚೀಟಿ, ಒಣಗಿದ ಕನಕಾಂಬರ. ದೊಡ್ಡದರಲ್ಲಿ ಏನೂ ಇರುತ್ತಿರಲಿಲ್ಲ, ಬರೀ ಧೂಳು. ನನ್ನ ಹೆಂಡತಿ ಆ ಧೂಳನ್ನು ಕೊಡವಿ, "ಪಾಪ, ಹಿಂದ್ಗಡೆ ಕೂರಕ್ಕೆ ಇವರಿಗೆ ಯಾರೂ ಇಲ್ಲ" ಅನ್ನುತ್ತಿದ್ದಳು. ಆ ದಿನಗಳು ನನಗೆ ತುಂಬಾ ಇಷ್ಟ. ಕೈ ತುಂಬ ಕೆಲಸ, ಬಾಯಿ ತುಂಬ ಜಗಳ.

ಬಗ್ಗಿ ಕತ್ತರಿಸಿ ಕತ್ತರಿಸಿ ಅವಳ ಬೆನ್ನು ಹೋಯಿತು. ನಿಂತರೆ ಸರಿ, ಮಲಗಿದರೆ ಸರಿ, ಕೂತರೆ ಮಾತ್ರ ಕಾಲು ಗಳಿಗೆಯಲ್ಲಿ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳ ತವರು ಬಂಗಾರಪೇಟೆಯ ಆಚೆಯ ಹಳ್ಳಿ. ಬಂಗಾರಪೇಟೆವರೆಗೆ ರೈಲಿನಲ್ಲಿ ನಿಂತೇ ಹೋಗಬಹುದು. ಆಮೇಲಿನ ಆಟೋ ಅವಳ ಕೈಲಾಗದು. ಪ್ರತಿ ಗೌರಿ ಹಬ್ಬಕ್ಕೆ ತಮ್ಮ ಬಂದು ಬಾಗಿನ ಕೊಟ್ಟು, ಹಾಲು ಕರೆಯುವ ಹೊತ್ತಿಗೆ ಓಡುತ್ತಿದ್ದ. ನಾಲ್ಕು ವರ್ಷ ಅವಳು ತವರಿನ ಹೊಸಿಲು ತುಳಿಯಲಿಲ್ಲ. ಬಾಯಿ ಬಿಟ್ಟು ಕೇಳಿದ್ದು ಒಂದೇ ಸಲ: "ಒಂದ್ಸಲ ಓಗಿ ಬತ್ತೀನಿ ಕಣಯ್ಯ, ಎಂಗಾದ್ರೂ ಮಾಡು."

ಅಷ್ಟು ಸಾಕಾಯಿತು ನನಗೆ. ಪ್ಲಸ್ಸಿನ ನಡುವಿನ ಕಾರೊಂದು ಟ್ಯಾಕ್ಸಿ ಮಾಲೀಕರೊಬ್ಬರ ಬಳಿ ಮಾರಾಟಕ್ಕಿತ್ತು. ಇಲ್ಲೇ ಮೈಸೂರು ಮೈನ್ಸ್ ಗಣಿ ಕಡೆಯ ತಮಿಳರು. ನಾನು ಸೀಟನ್ನೇ ಒತ್ತುತ್ತಾ ಕೂತಿದ್ದು ನೋಡಿ ಅವರು ನಕ್ಕರು. "ಎನ್ನ ಸಾರ್, ವಂಡಿ ಓಡಿಸಿ ನೋಡದೆ ಸೀಟು ತಗೊಳ್ತೀರಾ?" ನನ್ನ ಹೆಂಡತಿ ಕೈ ಊರಿ ನೋಡಿ, "ಇದು ಮೆತ್ತಗೈತೆ, ಬ್ಯಾಡ. ಮೊಟ್ಟೆದು ಸಣ್ಣದು ನೋಡು" ಅಂದಳು. ಬೆನ್ನು ನೋವಿನವಳಿಗೆ ಗಟ್ಟಿ ಬೆಂಚು ಯಾಕೆ ಎಂದು ನಾನು ಅವಳ ಮಾತು ತಳ್ಳಿಹಾಕಿ ಅದನ್ನೇ ಕೊಂಡೆ. ಸೀಟಿನ ವಿಷಯದಲ್ಲಿ ನನಗಿಂತ ತಿಳಿದವರಿಲ್ಲ ಎಂಬ ಕೊಬ್ಬು.

ಗೌರಿ ಹಬ್ಬದ ಬೆಳಿಗ್ಗೆ ಹೊರಟೆವು. ಬಂಗಾರಪೇಟೆ ಇನ್ನೂ ಅರ್ಧ ದಾರಿ ಇರುವಾಗ ಅವಳು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಬೆನ್ನನ್ನು ಮೇಲಕ್ಕೆ ಎತ್ತಿಕೊಂಡಿದ್ದಳು. ಮೆತ್ತನೆಯ ಸೀಟಿನೊಳಗೆ ಸೊಂಟ ಇಳಿದು, ನಡು ಬಾಗಿ, ನೋವು ಕಾಲಿಗೆ ಇಳಿದಿತ್ತು. ನಿಲ್ಲಿಸಿದೆ. ಹಸಿರು ಸೀರೆ ಉಟ್ಟಿದ್ದ ಅವಳು ರಸ್ತೆ ಪಕ್ಕ ನಿಂತು ಕಣ್ಣೊರೆಸಿಕೊಂಡು, "ವಾಪಸ್ ಓಗಾನ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಆ ದಿನದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಮಾರನೆಯ ದಿನ ಗುಜರಿಗೆ ಹೋಗಿ ಮೊಟ್ಟೆಯ ಸಣ್ಣ ಕಾರಿನ ಹಿಂದಿನ ಸೀಟೊಂದನ್ನು ತಂದೆ. ಆಮೇಲೆ ಟೇಪು ಹಿಡಿದು ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ, ನಡುವಿನ ಒಳಬಾಗಿಗೆ ಅಳತೆ ತೆಗೆದೆ. ಇಪ್ಪತ್ತು ವರ್ಷ ಕಾರುಗಳ ಅಳತೆ ತೆಗೆದವನು ಕೂರುವವರ ಅಳತೆ ತೆಗೆದದ್ದು ಅದೇ ಮೊದಲು. ಅವಳು ನಾಚಿಕೊಂಡು, "ರವಿಕೆ ಒಲೀತೀಯೇನಯ್ಯ" ಅಂದಳು. ಪ್ಲಸ್ಸಿನ ಫೋಮನ್ನು ಕಿತ್ತು, ಮೊಟ್ಟೆಯ ಗಟ್ಟಿ ಫೋಮನ್ನು ಅಲ್ಲಿ ಕೂರಿಸಿ, ನಡುವಿಗೆ ತಕ್ಕಂತೆ ಉಬ್ಬು ಕೊಟ್ಟು ಹೊಲಿದೆ. ಅಮೆರಿಕದಲ್ಲಿ ಆಗದ ಬೀಗತನ ಊರಿಗಾಂನಲ್ಲಿ ಆಯಿತು. ಎರಡು ಸಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಮೂರನೆಯ ಸಲ ಅವಳು ಕೂತು, ಕಣ್ಣು ಮುಚ್ಚಿ ನೋಡಿ, "ಊಂ" ಅಂದಳು.

ಮುಂದಿನ ಭಾನುವಾರ ಮತ್ತೆ ಹೊರಟೆವು. ಬಂಗಾರಪೇಟೆಯವರೆಗೂ ನನ್ನ ಕಣ್ಣು ರಸ್ತೆಗಿಂತ ಕನ್ನಡಿಯ ಮೇಲೇ ಇತ್ತು. ರೈಲ್ವೆ ಹಳಿ ದಾಟಿ ಸ್ವಲ್ಪ ದೂರ ಹೋದ ಮೇಲೆ ನೋಡುತ್ತೇನೆ, ಅವಳ ತಲೆ ಪಕ್ಕಕ್ಕೆ ವಾಲಿತ್ತು. ಗಾಬರಿಯಾಗಿ ತಿರುಗಿ ನೋಡಿದೆ. ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು.

ಹಳ್ಳಿಯ ತಿರುವು ಬಂತು. ಅಲ್ಲಿಂದ ಮುಂದೆ ಜಲ್ಲಿ ರಸ್ತೆ, ಕಾರು ಅದಕ್ಕೆ ಇಳಿದರೆ ಅವಳಿಗೆ ಎಚ್ಚರವಾಗುತ್ತದೆ. ನಾನು ತಿರುಗಿಸದೆ ನೇರ ಹೋದೆ. ಇನ್ನೆರಡು ಊರು ದಾಟಿದ ಮೇಲೆ ಫೋನು ಅಲ್ಲಾಡಿತು. ಹುಣಸೆ ಮರದ ನೆರಳಲ್ಲಿ ಕಾರು ನಿಲ್ಲಿಸಿದೆ, ಎಂಜಿನ್ ಆರಿಸಲಿಲ್ಲ. ಭಾಮೈದ.

"ಎಲ್ಲಿದ್ದೀರ ಭಾವ? ತಿರುವಲ್ಲಿ ಕಾಯ್ತಾ ಇದ್ದೆ, ಕಾರು ಅಂಗೇ ಮುಂದಕ್ಕೆ ಓಯ್ತು."

"ಬತ್ತೀವಿ ಇರಪ್ಪ," ಮೆಲ್ಲಗೆ ಅಂದೆ. "ನಿಮ್ಮಕ್ಕ ನಿದ್ದೆ ಮಾಡ್ತಾವ್ಳೆ."



"ಕೂತ್ಕಂಡಾ ಭಾವ?"

"ಕೂತ್ಕಂಡೇ."

"ಅಂಗಾದ್ರೆ ನಿಧಾನಕ್ಕೇ ಬನ್ನಿ," ಅಂದ.