ಮೂಗಿನಲ್ಲಿ ಬಂದ ಹಾಲು

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಐದು ತಿಂಗಳ ಕೂಸನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದ ಮಹಾಪುರುಷ ನಾನೇ.

ನನ್ನ ಬಾಯಿ ಸುಮ್ಮನಿರುವುದಿಲ್ಲ, ನಿಮಗೆ ಗೊತ್ತೇ ಇದೆ. ಗುಬ್ಬಿ ಬಸ್ಸಿನ ಕಂಡಕ್ಟರು, ನಮ್ಮ ಆಫೀಸಿನ ಹೆಡ್ ಕ್ಲರ್ಕು, ಬೆಳಗಿನ ಹೊತ್ತು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುವ ಪಕ್ಕದ ಮನೆ ಸ್ಕೂಟರು, ಯಾರನ್ನೂ ಬಿಟ್ಟವನಲ್ಲ. ಕನ್ನಡಿಯ ಮುಂದೆ ನನ್ನನ್ನೇ ಅಣಕಿಸಿಕೊಂಡು, ಈ ಮುಖಕ್ಕೆ ಹೆಣ್ಣು ಯಾರು ಕೊಡುತ್ತಾರೆ ಎಂದು ನಕ್ಕದ್ದೂ ಉಂಟು. (ಇನ್ನೂ ಯಾರೂ ಕೊಟ್ಟಿಲ್ಲ.) ಇಂಥವನ ಮನೆಯಲ್ಲಿ ಅಕ್ಕನ ಮಗ ಗುಂಡ ಹುಟ್ಟಿದ. ಬಿಡಲು ಸಾಧ್ಯವೇ?

ಅಕ್ಕ ಹೆರಿಗೆಗೆಂದು ಗಂಡನ ಊರಾದ ಕುಣಿಗಲ್‌ನಿಂದ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಅಮ್ಮ ಇಲ್ಲದ ಮನೆ. ಊರ್ಡಿಗೆರೆಯಿಂದ ಅಜ್ಜಿ ಬಂದು ಬಾಣಂತನದ ಚಾರ್ಜ್ ತೆಗೆದುಕೊಂಡಳು. ಆಮೇಲೆ ಮನೆಯಲ್ಲಿ ಅವಳದೇ ಸರ್ಕಾರ. ವಿರೋಧ ಪಕ್ಷ ಇರಲಿಲ್ಲ.

ಬಾಣಂತಿ ಇರುವ ಮನೆಯ ಮಧ್ಯಾಹ್ನಗಳನ್ನು ನೀವು ನೋಡಿದ್ದೀರಾ? ಸಾಂಬ್ರಾಣಿ ಹೊಗೆ ಮಾಡಿನ ಗಾಜಿನಿಂದ ಇಳಿದ ಬಿಸಿಲಿಗೆ ಸುತ್ತಿಕೊಂಡು ನಿಂತಿರುತ್ತದೆ. ತೊಟ್ಟಿಲ ಹಗ್ಗ ಕಿರ್ರ್ ಎಂದು ಅರ್ಧ ಮಾತಾಡಿ ನಿಲ್ಲುತ್ತದೆ. ಗಡಿಯಾರ ಕೂಡ ಎಣ್ಣೆ ಹಚ್ಚಿಸಿಕೊಂಡು ಮಲಗಿದ ಹಾಗೆ. ಆ ಮಂಪರಿನಲ್ಲಿ ಯಾರಿಗೂ ಏನೂ ಅವಸರವಿಲ್ಲ.

ಗುಂಡನ ಊಟ ಆ ಹೊತ್ತಿನಲ್ಲೇ. ಅವನಿಗೆ ಎದೆಹಾಲು ಚೀಪಲು ಬರುತ್ತಿರಲಿಲ್ಲ. ಅಕ್ಕ ಹಾಲು ಹಿಂಡಿ ಕೊಡುವಳು. ಅಜ್ಜಿ ಗೋಡೆಗೆ ಒರಗಿ, ಕಾಲು ಚಾಚಿ, ಕಾಲ ಮೇಲೆ ಅವನನ್ನು ಅಂಗಾತ ಮಲಗಿಸಿ, ಬೆಳ್ಳಿ ಒಳಲೆಯ ಮೂತಿಯನ್ನು ಬಾಯಿಗಿಟ್ಟು ಬಗ್ಗಿಸುವಳು. ಒಂದು ಗುಟುಕು, ಎರಡು ಗುಟುಕು. ಗುಂಡನ ಕಣ್ಣು ಅಗಲ. ಕತ್ತು ಹಿಂದಕ್ಕೆ. ಗಂಟಲಲ್ಲಿ ಕ್ಳಕ್. ಆಮೇಲೆ ಎರಡೂ ಹೊಳ್ಳೆಗಳಿಂದ ಎರಡು ಬಿಳಿ ದಾರ.

"ಸಾಕು ಬುಡು. ಹೊಟ್ಟೆ ತುಂಬಿ ಮೂಗಲ್ಲಿ ತುಳುಕ್ತಾ ಐತೆ" ಎಂದು ಅಜ್ಜಿ ಸೆರಗಿನಲ್ಲಿ ಒರೆಸುವಳು. ಗುಂಡ ಸುಸ್ತಾಗಿ ನಿದ್ದೆ ಹೋಗುವನು. ಅರ್ಧ ಗಂಟೆಗೆ ಮತ್ತೆ ಅಳು.

ಅಳು ಯಾಕೆ? ಹಠ. ಇಲ್ಲವೇ ದೃಷ್ಟಿ. ನಮ್ಮಲ್ಲಿ ಯಾವುದಕ್ಕೆ ಹೆಸರಿಲ್ಲ ಹೇಳಿ?

ನಾನು ಈ ಊಟವನ್ನು ಐಟಂ ಮಾಡಿಕೊಂಡೆ. ಮಗು ನೋಡಲು ಯಾರೇ ಬರಲಿ, ಚಾಪೆ ಮೇಲೆ ಅಂಗಾತ ಬಿದ್ದು ಕಣ್ಣು ಬಿಟ್ಟು, ಕತ್ತು ಎಳೆದು, ಕ್ಳಕ್ ಎಂದು ಮೂಗಿನಿಂದ ಉಸಿರು ಬಿಡುತ್ತಿದ್ದೆ. ಬೀದಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಮೊದಲು ಅಕ್ಕನೂ ನಕ್ಕಳು. ಆಮೇಲಾಮೇಲೆ ನಾನು ಚಾಪೆ ಹಾಸಿದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಅದನ್ನೂ ನೋಡಲಿಲ್ಲ. ಎಲ್ಲರನ್ನೂ ಗಮನಿಸುವವನು ನಾನು ಎಂಬ ಜಂಬ ಬೇರೆ!

ಹೋದ ತಿಂಗಳು ಕುಣಿಗಲ್‌ನಿಂದ ಕಾಗದ ಬಂತು. ಮಗು, ಬಾಣಂತಿಯನ್ನು ಕರೆದೊಯ್ಯಲು ದಿನ ನೋಡಿದ್ದಾರೆ. ಅಕ್ಕ ಗುಂಡನ ಕೈ ಎತ್ತಿ ತೋರಿಸಿದಳು. ನಾಮಕರಣದಲ್ಲಿ ಎಣ್ಣೆ ಸವರಿ ತೊಡಿಸಿದ್ದ ದೃಷ್ಟಿಬಳೆ ತಾನಾಗಿ ಜಾರಿ ಅವಳ ಮಡಿಲಿಗೆ ಬಿತ್ತು.

"ನಿನ್ ಹಾಲು ತೆಳು ಕಣೇ. ಬೆಳ್ಳುಳ್ಳಿ ತಿನ್ನು ಅಂದ್ರೆ ಮೂತಿ ತಿರುವ್ತೀಯ" ಎಂದಳು ಅಜ್ಜಿ.

ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಈ ಮಾತು ನಾಳೆ ನಮ್ಮತ್ತೆನೂ ಅಂತಾರೆ. ಅನ್ಲಿ ಬಿಡೋ. ಮಗು ಕರಗೋಗ್ತಾ ಇದೆಯಲ್ಲೋ, ಅದಕ್ಕೇನ್ ಮಾಡ್ಲಿ?"

ಜಟಕಾ ಮಾಡಿಕೊಂಡು ಲೇಡಿ ಡಾಕ್ಟರ ಶಾಪಿಗೆ ಹೊರಟೆವು. ಅಜ್ಜಿಯೂ ಬಂದಳು. (ಸರ್ಕಾರವನ್ನು ಮನೆಯಲ್ಲಿ ಬಿಟ್ಟು ಹೋಗಲಾದೀತೇ?) ಕುದುರೆಯ ಲಾಳದ ಸದ್ದಿಗೆ ಗುಂಡ ನಿದ್ದೆ ಹೋದ. ಬೇವಿನ ಮರಗಳ ನೆರಳು ಅವನ ಮುಖದ ಮೇಲೆ ಒಂದೊಂದಾಗಿ ಹಾದು ಹೋಗುತ್ತಿತ್ತು. ಪ್ರತಿ ನೆರಳಿಗೂ ಅವನು ಇನ್ನಷ್ಟು ಹಗುರಾಗುತ್ತಿದ್ದಾನೆ, ಇನ್ನೊಂದು ಮರ ದಾಟಿದರೆ ಅಕ್ಕನ ಮಡಿಲಿನಿಂದ ತೇಲಿಬಿಡುತ್ತಾನೆ ಎನ್ನಿಸಿತು.

"ಹೇಗೆ ಕುಡೀತಾನೆ?" ಎಂದರು ಡಾಕ್ಟರು.

"ಹೊಟ್ಟೆ ತುಂಬ ಕುಡೀತದವ್ವ" ಎಂದಳು ಅಜ್ಜಿ.

ಅಕ್ಕ ಒಳಲೆ ಹಿಡಿದು ಎಬ್ಬಿಸಲು ನೋಡಿದಳು. ಗುಂಡ ಕಣ್ಣೇ ಬಿಡಲಿಲ್ಲ. ಆಗ ಅವಳು ನನ್ನನ್ನು ನೋಡಿದಳು. "ಊರಿಗೆಲ್ಲ ತೋರಿಸ್ತಿದ್ದೆಯಲ್ಲೋ? ಈಗ ತೋರ್ಸು."

ರೋಗಿಗಳ ಬೆಂಚಿನ ಮೇಲೆ ಅಂಗಾತ ಮಲಗಿದೆ. ಗುಟುಕು. ಕಣ್ಣು. ಕತ್ತು. ಕ್ಳಕ್. ಯಾರೂ ನಗಲಿಲ್ಲ. ನಗು ಇಲ್ಲದಾಗ ನನಗೆ ಮೊದಲ ಸಲ ಗೊತ್ತಾಯಿತು: ಕತ್ತು ಹಿಂದಕ್ಕೆ ಹೋಗುವುದು ಹಠಕ್ಕಲ್ಲ, ಉಸಿರು ಹುಡುಕಿಕೊಂಡು. ಇಷ್ಟು ದಿನ ನಾನು ಅಣಕಿಸಿದ್ದು ಅವನ ಹಸಿವನ್ನು.

"ಇನ್ನೊಂದ್ಸಲ ಮಾಡಿ. ಮೂಗಲ್ಲಿ ಬರೋದು ಯಾವಾಗ?" ಎಂದರು ಡಾಕ್ಟರು. ಮಾಡಿದೆ. ಅವರು ಟಾರ್ಚ್ ತಗೊಂಡು ಗುಂಡನ ಬಾಯಿ ಬಿಡಿಸಿದರು. ಒಳಗೆ, ಅಂಗುಳಿನ ಹಿಂಭಾಗದಲ್ಲಿ, ಒಂದು ಸೀಳು. ತುಟಿ ನೆಟ್ಟಗಿತ್ತು. ಹಾಗಾಗಿ ನಾವು ಯಾರೂ ಒಳಗೆ ಇಣುಕಿರಲೇ ಇಲ್ಲ. ಸೀಳಿದ್ದರೆ ಚೀಪಲು ಆಗುವುದಿಲ್ಲ, ಹಾಲು ಮೂಗಿಗೆ ದಾರಿ ಹಿಡಿಯುತ್ತದೆ, ಕುಡಿಯುವ ಶ್ರಮಕ್ಕೇ ಕೂಸು ಸೋತು ಮಲಗುತ್ತದೆ.

"ನಿಮ್ಮ ಹಾಲಿಗೆ ಏನೂ ಆಗಿಲ್ಲಮ್ಮ" ಎಂದರು. ಅಕ್ಕ ಅತ್ತಳು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಸೀಳು ಹೊಲಿಯುತ್ತಾರಂತೆ, ಆದರೆ ಮೊದಲು ತೂಕ ಬರಬೇಕು. ಅಲ್ಲಿಯವರೆಗೆ ಕೂಸನ್ನು ನೆಟ್ಟಗೆ ಕೂರಿಸಿಕೊಂಡು, ಚೂರುಚೂರೇ ಹಾಲು ಬಿಟ್ಟು, ನಡುವೆ ಸುಧಾರಿಸಿಕೊಳ್ಳಲು ಬಿಟ್ಟು, ತೇಗಿಸಿ, ಮತ್ತೆ ಕುಡಿಸಬೇಕು. ಮೂಗಲ್ಲಿ ಬಂತೆಂದು ಊಟ ಮುಗಿಸಬಾರದು. (ಗಾಬರಿಯಾಗಬೇಡಿ. ಗುಂಡ ಈಗ ನನ್ನ ಕೂದಲು ಕೀಳುವಷ್ಟು ಗಟ್ಟಿಯಾಗಿದ್ದಾನೆ.)

ಎಲ್ಲ ಸರಿ. ಆದರೆ ಕುಡಿಸುವ ಕೈ ಅಜ್ಜಿಯದಲ್ಲವೇ? ಅವಳು ಒಪ್ಪದಿದ್ದರೆ ಡಾಕ್ಟರ ಮಾತು ಶಾಪಿನ ಮೆಟ್ಟಿಲು ಇಳಿಯುವುದಿಲ್ಲ. ಅಕ್ಕನಿಗೂ ಗೊತ್ತು, ನನಗೂ ಗೊತ್ತು. ಅಜ್ಜಿ ಸೆರಗು ಬಿಗಿದುಕೊಂಡು ಎದ್ದಳು.

"ನಾನು ಆರು ಮಕ್ಕಳ್ನ ಕಾಲ್ ಮೇಲೆ ಮಲಗ್ಸೇ ಕುಡ್ಸಿದ್ದು ಕಣವ್ವ. ಎಲ್ಲಾ ಕಲ್ಲುಗುಂಡಂಗೆ ಅವ್ರೆ. ಇವತ್ತು ಕೂರ್ಸಿ ಕುಡ್ಸೋದು ನಂಗೆ ಯೋಳ್ಕೊಡ್ತೀರಾ?"

ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಅವಳ ಕೈಗೆ ಕೊಟ್ಟು, ನಾನು ಆಗಷ್ಟೇ ಎದ್ದಿದ್ದ ಬೆಂಚು ತೋರಿಸಿದರು.

"ಅಜ್ಜೀ, ನೀವು ಇಲ್ಲಿ ಅಂಗಾತ ಮಲಕ್ಕೊಂಡು ಇದನ್ನ ಕುಡ್ದು ತೋರ್ಸಿ. ಆಮೇಲೆ ಮಗೂನ ಮಲಗ್ಸಿ."