ಕಾಲು ನೋಡಿ ಕೊಡುವ ಕಾರ್ಡು

ತಾರವ್ವನ ಎಡಗಾಲು ಮೂರನೆಯ ವರ್ಷಕ್ಕೇ ಪೋಲಿಯೋದಿಂದ ಸೊರಗಿತ್ತು. ಬೀಡಿ ಸುತ್ತುವ ಕೈಗಳು ಮಾತ್ರ ಇಡೀ ನಿಪ್ಪಾಣಿ ಹುಡುಕಿದರೂ ಸಿಗದಂಥವು. ೧೯೮೮ರ ಬೇಸಿಗೆಯಲ್ಲಿ ಅಣ್ಣಾಸಾಬರ ಬೀಡಿ ಕಾರಖಾನೆಗೆ ಕೆಲಸ ಕೇಳಿಕೊಂಡು ಹೋದಾಗ ಅವರು ಕೈ ನೋಡಲಿಲ್ಲ.

“ಕುಂತ ಮಾಡೂ ಕೆಲಸ ಖರೆ, ತಂಗಿ. ಆದ್ರ ನಾಳೆ ಬೆಂಕಿ ಹತ್ತಿದ್ರ ಓಡಬೇಕಲ್ಲ?”

“ಈವರೆಗೆ ಎಷ್ಟ ಸಲ ಹತ್ತೈತ್ರಿ?”

“ಹತ್ತಿಲ್ಲ. ನನ್ನ ಮನಸ್ಸು ಮೆತ್ತಗ, ಅದಕ್ಕ ಹೇಳಾಕತ್ತೇನಿ.”

ಹೀಗೆ ತಾರವ್ವನ ಜೀವ ಉಳಿಸಿ ಮನೆಗೆ ಕಳಿಸಿದರು.

ಕಾರಖಾನೆಯ ಕೆಲಸದ ಕಾರ್ಡು ಇಲ್ಲದವರಿಗೆ ಮನೆಯಲ್ಲಿ ಬೀಡಿ ಸುತ್ತಲು ಎಲೆ, ತಂಬಾಕು ಸಿಗುವುದಿಲ್ಲ. ಕಾರ್ಡು ಇದ್ದದ್ದು ಅಣ್ಣನ ಹೆಂಡತಿ, ಅಂದರೆ ವೈನಿ ಸುಂದ್ರವ್ವಳಿಗೆ. ಅವಳ ಕಾಲು ಗಟ್ಟಿ, ಬೀಡಿ ಸಡಿಲು. ಹಾಗಾಗಿ ಎಲೆ ತರುವುದು ವೈನಿ, ಮೊರ ತೊಡೆಯ ಮೇಲಿಟ್ಟುಕೊಂಡು ಸುತ್ತುವುದು ತಾರವ್ವ ಎಂದಾಯಿತು. ಬೀಡಿ ಆರಿಸುವ ಲಗಮಪ್ಪ ಉಳಿದವರ ಕಟ್ಟುಗಳಿಂದ ಸಡಿಲು ಬೀಡಿಗಳನ್ನು ಹಿಡಿ ಹಿಡಿ ತೆಗೆದು ಛಾಟು, ಅಂದರೆ ಕೆಟ್ಟ ಮಾಲು, ಎಂದು ಬದಿಗೆ ಎಸೆಯುತ್ತಿದ್ದ. ಸುಂದ್ರವ್ವಳ ಕಟ್ಟಿನಿಂದ ಒಂದೂ ಇಲ್ಲ. ಅಣ್ಣಾಸಾಬರು ಅದನ್ನೆತ್ತಿ ತೋರಿಸಿ, “ಕೈಕಾಲ ನೆಟ್ಟಗಿದ್ದವರ ಕೆಲಸ ಹಿಂಗಿರತೈತಿ ನೋಡ್ರಿ” ಎನ್ನುತ್ತಿದ್ದರು.

ವೈನಿ ಮನೆಗೆ ಬಂದು ಇದನ್ನು ಹೇಳಿ ನಗುವಳು. ತಾರವ್ವಳಿಗೆ ನಗು ಬರುತ್ತಿರಲಿಲ್ಲ. ಓಣಿಯವರ ಬಾಯಲ್ಲಿ ಆಕೆ ಇನ್ನೂ ಅಣ್ಣ ಕೂಡಿಸಿ ಉಣಿಸುವ ಕುಂಟಿ. ಕಾರ್ಡಿನ ಮೇಲೆ ತನ್ನ ಹೆಸರು ಬರಬೇಕು, ಅಷ್ಟೇ ಆಕೆಯ ಆಸೆ.

ಎರಡು ವರ್ಷದ ಮೇಲೆ ಸುಂದ್ರವ್ವ ಬಾಣಂತನಕ್ಕೆ ಕರೋಶಿಯ ತವರಿಗೆ ಹೋದಳು. ತಾರವ್ವ ಸುತ್ತಿದ ಕಟ್ಟುಗಳನ್ನು ಅಣ್ಣನೇ ಸುಂದ್ರವ್ವಳ ಕಾರ್ಡಿನ ಮೇಲೆ ಕಾರಖಾನೆಗೆ ಒಯ್ದು ಹಾಕತೊಡಗಿದ. ಅದೇ ಹೊತ್ತಿಗೆ ಹೊಸ ಹೆಂಗಸರಿಗೆ ಕಲಿಸಲೆಂದು ಅಣ್ಣಾಸಾಬರು ಸುಂದ್ರವ್ವಳನ್ನು ಕರೆಸಹೇಳಿದರು.

“ಆಕಿ ಹಡದು ಐದ ದಿನ ಆತ್ರಿ,” ಎಂದ ಲಗಮಪ್ಪ. “ಕರೋಶ್ಯಾಗ ಅದಾಳ.”

“ಮತ್ತ ನಿನ್ನಿ ಬೀಡಿ ಯಾರ ಕಟ್ಯಾರ?”

ಸುಂದ್ರವ್ವಳ ಗಂಡನನ್ನು ಕೇಳಿ ತಿಳಿದು ತಾರವ್ವಳನ್ನು ಕರೆಸಿದರು. ಹೊಸಬರ ಮುಂದೆ ಕುಳಿತು, ಅವರ ಊರು ಕೇರಿ ವಿಚಾರಿಸುತ್ತಲೇ ಆಕೆ ಒಂದು ಕಟ್ಟು ಮುಗಿಸಿದಳು.

“ಇನ್ನ ಮುಂದೂ ನೀನ ಕಟ್ಟವಾ,” ಎಂದರು ಅಣ್ಣಾಸಾಬರು. “ಕಾರ್ಡ ವೈನೀದ ಇರಲಿ.”

ತಾರವ್ವ ಮೊರ ಕೆಳಗಿಟ್ಟಳು. “ಹಂಗಾದ್ರ ವೈನೀನ ಬಂದ ಕಟ್ಟತಾಳ್ರಿ.”

ಸುಂದ್ರವ್ವಳ ಹಳೆಯ ಸಡಿಲು ಬೀಡಿಗಳ ನೆನಪು ಲಗಮಪ್ಪನಿಗಿತ್ತು. ಸಾವುಕಾರರ ಕಿವಿಯಲ್ಲಿ ಏನೋ ಹೇಳಿದ. ಕಾರ್ಡು ಬಂತು. ಮೇಲೆ ‘ಕುಂಟಿ ತಾರವ್ವ’ ಎಂದು ಬರೆದಿತ್ತು. ಆಕೆ ತಿರುಗಿ ಕೊಟ್ಟಳು.

“ಇನ್ನೊಬ್ಬಾಕಿ ತಾರವ್ವ ಅದಾಳ. ಗುರತಿಗೆ ಬೇಕಲ್ಲ?” ಎಂದ ಲಗಮಪ್ಪ.

“ನಮ್ಮಪ್ಪನ ಹೆಸರ ಬರೀರಿ. ಗುರತ ಸಿಗತೈತಿ.”

ಬೇರೆ ಕಾರ್ಡು ಬರೆಯುವವರೆಗೆ ತಾರವ್ವ ಮೊರ ಮುಟ್ಟಲಿಲ್ಲ.

ಮೂರು ತಿಂಗಳಿಗೆ ಸುಂದ್ರವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಬಂದಳು. ಅಷ್ಟರಲ್ಲಿ ಅಣ್ಣಾಸಾಬರ ತಿಳಿವಳಿಕೆ ಬಹಳ ಬೆಳೆದಿತ್ತು. ಅವಳ ಕಾಲನ್ನೇ ನೋಡಿ ನಿಟ್ಟುಸಿರು ಬಿಟ್ಟರು.

“ನಿನ್ನ ಎರಡೂ ಕಾಲ ನೆಟ್ಟಗ ಅದಾವಲ್ಲವಾ. ಒಂದ ಕಡೆ ಹೆಂಗ ಕುಂದರತಿ?”

ಅಲ್ಲೇ ಕುಳಿತಿದ್ದ ತಾರವ್ವ ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡು, ಮೊರವನ್ನು ವೈನಿಯತ್ತ ಸರಿಸಿದಳು.

“ಈ ಸಲನರ ಕೈ ನೋಡ್ರಿ, ಸಾವುಕಾರ್ರ. ನಾ ಆಕೀಗೆ ಕಲಿಸತೇನಿ.”