ಬೆಕ್ಕು ಕರೆಯುವ ತಟ್ಟೆ

ನಮ್ಮ ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಎರಡು ಸಲ ಅಳತೆ ನೋಡದೆ ಕತ್ತರಿ ಹಾಕಿದವಳಲ್ಲ. ಹೊಸ್ತಿಲು ದಾಟದೆ ಬೆಳೆದ ಬೆಕ್ಕನ್ನು ಹೊರಗೆ ಬಿಡುವುದಕ್ಕೂ ಅದೇ ಶಿಸ್ತು. ಲೈನಿಂಗ್ ಚೂರುಗಳಿಂದ ಅದರ ಎದೆಗೊಂದು ಪಟ್ಟಿ ಹೊಲಿದು, ಹಗ್ಗ ಕಟ್ಟಿ, ಒಂದು ವಾರ ಬಾಗಿಲಲ್ಲಿ, ಇನ್ನೊಂದು ವಾರ ಅಂಗಳದಲ್ಲಿ ಕೂರಿಸಿದಳು. ಹೊಟ್ಟೆ ಹಸಿದಾಗಲೇ ಬಿಡುವಳು. ತಟ್ಟೆಗೆ ಚಮಚ ಬಡಿದರೆ ಓಡಿ ಬರಬೇಕು, ಬಂದರೆ ಮೀನು. ತಿಂಗಳೊಳಗೆ ಹಗ್ಗವೇ ಬೇಡವಾಯಿತು.

"ಹೆತ್ತಿದ್ದು ಒಂದೂ ಇಲ್ಲ, ಬೆಕ್ಕಿಗೆ ಬಾಣಂತನ ಬೇರೆ ಕೇಡು" ಎಂದು ಅಣ್ಣ ಹಲ್ಲು ಕಡಿಯುತ್ತಿದ್ದ.

ಹೊಲಿದ ಬಟ್ಟೆ ಕೊಡಲು ಅವಳು ಹೋಗಿದ್ದ ಒಂದು ಮಧ್ಯಾಹ್ನ ಅವನೇ ತಟ್ಟೆ ಬಡಿದ. ಬೆಕ್ಕು ಗೋಡೆ ಹಾರಿ ಬಂದು, ನಾನು ಮೀನಿಟ್ಟು ಬಾಯಿ ತೆರೆದು ಹಿಡಿದಿದ್ದ ಗೋಣಿಚೀಲದೊಳಕ್ಕೆ ತಾನಾಗಿಯೇ ನುಗ್ಗಿತು. ಚೀಲದ ಬಾಯಿ ಕಟ್ಟಿ ಹೊಳೆಗೆ ಎಸೆದು ಬಂದೆವು.

ಸಂಜೆ ಅತ್ತಿಗೆ ಬಡಿದೂ ಬಡಿದೂ ಕೈಸೋತು, ತಟ್ಟೆಯನ್ನು ನನಗೆ ಕೊಟ್ಟಳು.

"ನೀನೊಂದ್ಸಲ ಬಡಿಯಪ್ಪ. ನೀನಂದ್ರೆ ಅದಕ್ಕೆ ನಂಬಿಕೆ."

"ಬಡಿಯೋ, ಜೋರಾಗಿ ಬಡಿ" ಎಂದ ಅಣ್ಣ, ಬಾಗಿಲಿಗೆ ಒರಗಿಕೊಂಡು.

ಜೋರಾಗಿಯೇ ಬಡಿದೆ. ಅತ್ತಿಗೆ ಗೋಡೆಯ ಮೇಲೆಯೇ ಕಣ್ಣು ನೆಟ್ಟು, ಮೀನಿನ ಮುಳ್ಳು ಬಿಡಿಸುತ್ತಾ ಕೂತಳು.